ಖಾಲಿ ಕೋಣೆಯ ಸದ್ದು

ಮಾರ್ಚ್ ೪, ಮಂಗಳವಾರ

ರೆಕಾರ್ಡಿಂಗ್ ಮುಗಿಯಿತು. ತಲೆ ಭಾರ. ಮಾತಾಡಿದ್ದು ಕಡಿಮೆ, "ಹೂಂ" ಅಂದದ್ದೇ ಹೆಚ್ಚು. ಆದರೂ ಗಂಟಲು ಒಣಗಿದೆ.

ಸ್ಟುಡಿಯೋದಲ್ಲಿ ಏ.ಸಿ. ಕೆಟ್ಟು ವಾರವಾಯಿತು. ರೆಕಾರ್ಡಿಂಗ್ ಹೊತ್ತಿಗೆ ಫ್ಯಾನ್ ಹಾಕುವ ಹಾಗಿಲ್ಲ, ಗುಂಯ್ ಅನ್ನುತ್ತದೆ. ಆದರೆ ಚರ್ಚೆಗೆ ಬಂದ ನಾಟಕದ ಮೇಷ್ಟ್ರಿಗೆ ಉಬ್ಬಸ. ಮೆಟ್ಟಿಲು ಹತ್ತಿ ಬಂದವರು ಮೈಕಿನ ಮುಂದೆ ಕೂತು ಏದುಸಿರು ಬಿಡುತ್ತಿದ್ದರು. ನೋಡಲಾಗದೆ ಫ್ಯಾನ್ ಹಾಕಿಬಿಟ್ಟೆ. ಗುಂಯ್ ಅಂದರೆ ಅನ್ನಲಿ.

ಈ ವಾರದ ಚರ್ಚೆ: ಕಲೆಗೂ ಸರ್ಕಾರಕ್ಕೂ ಏನು ಸಂಬಂಧ? ವಿಷಯ ಇಟ್ಟವಳು ನಾನೇ. ಕೈ ಸುಡುತ್ತದೆ ಎಂದು ಗೊತ್ತಿತ್ತು. ಸರ್ಕಾರಿ ರೇಡಿಯೊ ಬೇರೆ. ಆದರೆ ಹೊಸ ಆದೇಶ ಈಗಷ್ಟೇ ಬಂದಿದೆ — ಯಾವ ನಾಟಕವಾದರೂ ರಂಗಕ್ಕೆ ಬರುವ ಮೊದಲು ಸಂಸ್ಕೃತಿ ಇಲಾಖೆಯ ಮೊಹರು ಬೇಕಂತೆ. ಇದನ್ನು ಬಿಟ್ಟು ಜನ ಇನ್ನೇನು ಮಾತಾಡುತ್ತಾರೆ?

ಮೇಷ್ಟ್ರ ಎದುರಿಗೆ ಇಲಾಖೆಯ ಅಧಿಕಾರಿ. ಆ ಸೆಕೆಯಲ್ಲೂ ಕೋಟು ತೆಗೆಯಲಿಲ್ಲ. ಮನಸ್ಸಿನಲ್ಲೇ "ಕೋಟು ಸಾಹೇಬರು" ಎಂದು ಹೆಸರಿಟ್ಟೆ. ನಡುವೆ ಇತಿಹಾಸದ ಪ್ರೊಫೆಸರ್ ಮೇಡಂ. ಅವರ ಯಾವ ಮಾತೂ "ಒಂದು ಕಡೆಯಿಂದ ನೋಡಿದರೆ" ಎಂದೇ ಶುರು.

ಕೋಟು ಸಾಹೇಬರು ಮೆತ್ತಗೆ ಮಾತಾಡುತ್ತಾರೆ. ಅದೇ ಕಷ್ಟ. "ಸಂಸ್ಕೃತಿ ಅಂದ್ರೆ ತೋಟ ಇದ್ದ ಹಾಗೆ. ಹಾಲ್ ಕಟ್ಟಿಸಿಕೊಡೋದು ಯಾರು? ನಾವು. ನಾಳೆ ನಿಮ್ಮ ನಾಟಕದಿಂದ ಬೀದೀಲಿ ಕಲ್ಲು ತೂರಿದ್ರೆ ಬೈಸಿಕೊಳ್ಳೋದು ಯಾರು? ಅದೂ ನಾವೇ. ತೋಟ ಅಂದ್ಮೇಲೆ ಬೇಲಿ ಬೇಕು, ಮಾಲಿ ಬೇಕು."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಮಾಲಿ ಬರಲಿ ಸ್ವಾಮಿ, ಬೇಡ ಅಂದೋರ್ಯಾರು. ಆದ್ರೆ ನಮ್ಮ ನಾಟಕದಲ್ಲಿ ರಾಜ ಸಾಯೋ ದೃಶ್ಯ ತೆಗೀರಿ ಅಂತ ಬರ್ದು ಕಳಿಸಿದ್ದೀರಿ. ರಾಜ ಸಾಯ್ದೆ ಇದ್ರೆ ಕಥೆ ಮುಗಿಯೋದು ಹೇಗೆ? ಪ್ರಜೆಗಳೇ ಸಾಯಬೇಕಾಗುತ್ತೆ."

ಮೇಡಂ: "ಒಂದು ಕಡೆಯಿಂದ ನೋಡಿದ್ರೆ ಇಬ್ಬರ ಮಾತೂ..."

"ಮೇಡಂ, ಬಾಗಿಲಲ್ಲೇ ನಿಂತಿದ್ದೀರಿ. ಒಳಗೆ ಬನ್ನಿ, ಇಲ್ಲ ಹೊರಗೆ ಹೋಗಿ. ಗಾಳಿಯಾದ್ರೂ ಬರ್ಲಿ" ಅಂದರು ಮೇಷ್ಟ್ರು. ಮೇಡಂ ನಕ್ಕರು. ಕೋಟು ಸಾಹೇಬರು ನಗಲಿಲ್ಲ.

ಮುಗಿದ ಮೇಲೆ ಫ್ಯಾನ್ ಆರಿಸಿ, ಎಂದಿನಂತೆ ಖಾಲಿ ಕೋಣೆಯ ಸದ್ದು ಹಿಡಿದುಕೊಂಡೆ. ಒಂದು ನಿಮಿಷ ಎಲ್ಲರೂ ಬಾಯಿ ಮುಚ್ಚಿ ಕೂರಬೇಕು, ಮೈಕ್ ಓಡುತ್ತಿರಬೇಕು. ಆಮೇಲೆ ಎಲ್ಲಾದರೂ ಮಾತು ಕತ್ತರಿಸಬೇಕಾದರೆ ಆ ಜಾಗಕ್ಕೆ ಇದೇ ಮೌನದ ತೇಪೆ. ಹೊಸಬರು ಯಾವಾಗಲೂ ಕೇಳುತ್ತಾರೆ, "ಮೌನ ಎಲ್ಲಾ ಕಡೆ ಒಂದೇ ಅಲ್ವಾ?" ಅಲ್ಲ. ಒಂದೊಂದು ಕೋಣೆಯ ಮೌನಕ್ಕೂ ಒಂದೊಂದು ದನಿ.

ಮಾರ್ಚ್ ೫

ಮಗಳು ತಿಂಡಿಗೆ ಕೂರುವ ಮುಂಚೆಯೇ ಶುರು. "ಮೇಷ್ಟ್ರು ಏನಂದ್ರಮ್ಮಾ? ರಾಜನ ವಿಷಯ ಎತ್ತಿದ್ರಾ?"

ಮೇಷ್ಟ್ರ ತಂಡದಲ್ಲಿ ರಾಜನ ಪಾತ್ರ ಇವಳದೇ. ಹುಡುಗಿಯ ತಲೆಗೆ ಕಿರೀಟ ಇಟ್ಟಿದ್ದಾರೆ, ಇವಳು ತಲೆ ಎತ್ತಿಕೊಂಡೇ ತಿರುಗುತ್ತಾಳೆ. ಸಾಯುವುದನ್ನು ಮೂರು ತಿಂಗಳು ಅಭ್ಯಾಸ ಮಾಡಿದ್ದಾಳೆ. ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ, ಒಮ್ಮೆ ಬಸ್ಸಿನಲ್ಲೂ. ಈಗ ಸಾಯುವ ಹಾಗಿಲ್ಲ ಎಂದು ಇಲಾಖೆಯಿಂದ ಕಾಗದ.

ಎತ್ತಿದರು ಅಂದೆ. ಮಾತನ್ನು ಹಾಗೇ ಒಪ್ಪಿಸಿದೆ. ತಟ್ಟೆ ಬಡಿದು ಕುಣಿದಳು. ತಕ್ಷಣ ಮುಖ ಗಂಟಿಕ್ಕಿತು. "ಭಾನುವಾರ ಪ್ರಸಾರ ಆಗುತ್ತಾ, ಇಲ್ಲ ನಿನ್ನ ಕತ್ತರಿ ಆಡುತ್ತಾ?"

"ನನ್ನ ಕತ್ತರಿ ಏನು ಮಾಡಿತೇ ನಿಂಗೆ?"

"ಊರಿನ ಮಾತೆಲ್ಲ ಕತ್ತರಿಸಿ ಹೊಲಿದಿದ್ದೀಯ. ಹೊಲಿಗೆ ಕಾಣಲ್ಲ, ಅಷ್ಟೇ."

ಇವರು ಪೇಪರಿನ ಹಿಂದಿನಿಂದ, "ನಿಮ್ಮಮ್ಮನ ಹೂಂ ಮನೇಲೂ ಅಷ್ಟೇ ಕಣೇ. ಒಪ್ಪಿದಾಳೋ, ಕೇಳಿಸ್ಕೊಂಡಿದಾಳೋ, ನಿದ್ದೆ ಮಾಡ್ತಿದಾಳೋ, ಇವತ್ತಿಗೂ ಗೊತ್ತಾಗಿಲ್ಲ." ವಾಚ್ ರಿಪೇರಿ ಅಂಗಡಿಯಲ್ಲಿ ದಿನವೆಲ್ಲ ಬಾಯಿ ಬಿಡದ ಮನುಷ್ಯ, ಮನೆಯಲ್ಲಿ ಮಾತ್ರ ಹೀಗೆ.

ನಕ್ಕೆವು. ನನಗೆ ಮಾತ್ರ ಎಲ್ಲೋ ಚುಚ್ಚಿತು.

ಮಾರ್ಚ್ ೮, ಶನಿವಾರ

ಚುಚ್ಚಿದ್ದು ನಿಜವಾಯಿತು.

ಸ್ಟೇಷನ್ ಡೈರೆಕ್ಟರು ಮಧ್ಯಾಹ್ನ ನನ್ನ ಕೋಣೆಗೇ ಬಂದರು. ಅವರು ಬಂದರೆ ಎರಡೇ ಕಾರಣ: ವರ್ಗಾವಣೆ, ಇಲ್ಲ ಕತ್ತರಿ. ಬಾಗಿಲು ಹಾಕಿಕೊಂಡರು. "ಆ ರಾಜ, ಪ್ರಜೆ... ತೆಗೆದುಬಿಡಿ. ಫೋನ್ ಬಂದಿತ್ತು."

"ಸಾರ್, ಅದೊಂದು ತೆಗೆದ್ರೆ ಇಡೀ ಚರ್ಚೆಯಲ್ಲಿ ಉಳಿಯೋದೇನು?"

"ಉಳಿಯೋದು ನೀವು, ನಾನು. ಸಾಲದಾ?"

ವಾದ ಮಾಡಲಿಲ್ಲ. ಏಕೆ ಮಾಡಲಿಲ್ಲ ಎಂದು ಇಲ್ಲಿಯಾದರೂ ಬರೆಯಬೇಕು. ರೂಢಿ. ಕೈ ತಾನಾಗಿಯೇ ಮೌಸ್ ಹಿಡಿಯಿತು.

ಡೈರೆಕ್ಟರು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ತಮಗೂ ಕೇಳಬೇಕೆಂದು ಹೆಡ್‌ಫೋನ್ ತೆಗೆಸಿ, ಮೇಜಿನ ಚಿಕ್ಕ ಸ್ಪೀಕರಿನಲ್ಲಿ ಹಾಕಿಸಿದರು. ಮೇಷ್ಟ್ರ ಮಾತು ಗುರುತು ಮಾಡಿದೆ, ತೆಗೆದೆ. ಆ ಜಾಗಕ್ಕೆ ಕೋಣೆಯ ಮೌನ ಹಾಸಿದೆ. ಹೊಲಿಗೆಯ ಮೇಲೆ ನನ್ನದೊಂದು "ಹೂಂ". ಪ್ರತಿ ರೆಕಾರ್ಡಿಂಗ್ ಕೊನೆಯಲ್ಲೂ ಬಗೆಬಗೆಯ ಹೂಂಗಳನ್ನು ಹೇಳಿ ಇಟ್ಟುಕೊಂಡಿರುತ್ತೇನೆ. ಅಜ್ಜಿ ಕಥೆ ಹೇಳುವಾಗ ನಾನು ಹೂಂಗುಟ್ಟದಿದ್ದರೆ ನಿಲ್ಲಿಸಿಬಿಡುತ್ತಿದ್ದಳು. ಕೇಳುತ್ತಿದ್ದೇನೆ, ಮುಂದೆ ಹೇಳು ಎಂದು ಅದರ ಅರ್ಥ. ಈ ಕೋಣೆಗೆ ಬಂದ ಮೇಲೆ ಅದೇ ಹೂಂ ಗೋಡೆಯ ಬಿರುಕಿಗೆ ಮೆತ್ತುವ ಗಾರೆಯಾಯಿತು.

"ಏನೂ ಗೊತ್ತಾಗಲ್ಲ ಕಣ್ರೀ!" ಅಂದರು ಡೈರೆಕ್ಟರು. "ಕೈ ಅಂದ್ರೆ ನಿಮ್ಮದು."

ಹೊಗಳಿಕೆ ಕೇಳಿ ಒಂದು ಕ್ಷಣ ಸುಖವಾಯಿತು. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ ೯, ಭಾನುವಾರ

ಆರಂಭದ ನಾಲ್ಕು ಮಾತು ಎಂದಿನಂತೆ ನೇರ ಪ್ರಸಾರದಲ್ಲಿ ಹೇಳಿದೆ. ಚರ್ಚೆಯ ರೆಕಾರ್ಡಿಂಗ್ ಓಡಿತು. ಮುಗಿದ ಮೇಲೆ ಮತ್ತೆ ನಾನು ನೇರವಾಗಿ ವಂದನೆ ಹೇಳಬೇಕು, ಹಾಗಾಗಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತ ಕೂತೆ.

ಫ್ಯಾನ್. ಚರ್ಚೆಯುದ್ದಕ್ಕೂ ಹಿಂದೆ ಗುಂಯ್, ಗುಂಯ್. ಕಿವಿ ಅದಕ್ಕೆ ಹೊಂದಿಕೊಂಡಿತ್ತು. ಕೋಟು ಸಾಹೇಬರು "ಮಾಲಿ ಬೇಕು" ಅಂದರು. ತಕ್ಷಣ — ಏನೂ ಇಲ್ಲ. ನೆಲವೇ ಕುಸಿದ ಹಾಗೆ. ಫ್ಯಾನಿಲ್ಲ, ಉಸಿರಿಲ್ಲ. ಆ ಹಾಳು ಹಳ್ಳದ ತಳದಿಂದ ನನ್ನದೇ ದನಿ, "ಹೂಂ." ಮತ್ತೆ ಗುಂಯ್ ಎಂದು ಫ್ಯಾನ್ ಶುರುವಾಗಿ, ಮೇಡಂ "ಒಂದು ಕಡೆಯಿಂದ ನೋಡಿದ್ರೆ" ಅಂದರು.

ಮಂಗಳವಾರ ಫ್ಯಾನ್ ಆರಿಸಿ ಮೌನ ಹಿಡಿದಿದ್ದೆ. ಹೂಂಗಳನ್ನು ಹೇಳಿದ್ದೂ ಆರಿಸಿದ ಮೇಲೆಯೇ. ಫ್ಯಾನ್ ಓಡುವ ಚರ್ಚೆಗೆ ಫ್ಯಾನಿಲ್ಲದ ತೇಪೆ! ಹೆಡ್‌ಫೋನ್ ಹಾಕಿದ್ದರೆ ಆಗಲೇ ಕೇಳುತ್ತಿತ್ತು. ಆ ಚಿಕ್ಕ ಸ್ಪೀಕರಿಗೆ ಗುಂಯ್ ಅನ್ನುವಷ್ಟು ಎದೆ ಎಲ್ಲಿದೆ?

ಇಷ್ಟು ವರ್ಷದಲ್ಲಿ ನನ್ನ ಒಂದು ಹೊಲಿಗೆಯೂ ಯಾರಿಗೂ ಕೇಳಿಸಿರಲಿಲ್ಲ. ಇವತ್ತು ಇಡೀ ದೇಶಕ್ಕೆ ಕೇಳಿಸಿತು.

ಮಾರ್ಚ್ ೧೦, ಸೋಮವಾರ

ಬಸ್ ಸ್ಟಾಪಿನಲ್ಲಿ ಇಬ್ಬರು. "ನಿನ್ನೆ ರೇಡಿಯೊ ಕೇಳಿದ್ಯಾ? ನಡುವೆ ದೆವ್ವ ಬಂದು ಹೂಂ ಅಂತು." "ದೆವ್ವ ಅಲ್ಲಪ್ಪ, ಸರ್ಕಾರ." ಬಾವಿಗೆ ಬಿದ್ದವರ ದನಿಯಲ್ಲಿ ಇನ್ನೊಬ್ಬ "ಹೂಂ" ಅಂದು ತೋರಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಎದುರು ಬಾಯಿ ಬಿಡಲು ಧೈರ್ಯವಾಗಲಿಲ್ಲ, ದನಿ ಗುರುತು ಹಿಡಿದರೆ?

ಆಫೀಸಿನಲ್ಲಿ ಫೋನ್ ನಿಂತೇ ಇಲ್ಲ. ಎಲ್ಲರದೂ ಒಂದೇ ಪ್ರಶ್ನೆ: ಅಲ್ಲಿ ಏನಿತ್ತು? ಕತ್ತರಿಸದೆ ಬಿಟ್ಟಿದ್ದರೆ ಆ ಮಾತನ್ನು ಅರ್ಧ ಜನ ಕೇಳಿಸಿಕೊಳ್ಳುತ್ತಲೇ ಇರಲಿಲ್ಲವೇನೋ. ಈಗ ಟೀ ಅಂಗಡಿಯಲ್ಲೂ ಅದೇ ಪಂಚಾಯ್ತಿ. ತಲೆಗೊಂದು ಊಹೆ.

ಮೇಜಿನ ಮೇಲೆ ಮೆಮೊ. ಬುಧವಾರ ವಿಚಾರಣೆ.

ಮನೆಗೆ ಬಂದರೆ ಮಗಳು ಓಡಿ ಬಂದು ತಬ್ಬಿಕೊಂಡಳು. ದೊಡ್ಡವಳಾದ ಮೇಲೆ ಹೀಗೆ ತಬ್ಬಿದ ನೆನಪೇ ಇಲ್ಲ. "ಅಮ್ಮಾ! ಬೇಕಂತಲೇ ಮಾಡಿದ್ದಲ್ವಾ? ಕತ್ತರಿಸು ಅಂದ್ರು, ಕತ್ತರಿಸಿ ತೋರಿಸಿದೆ! ಮೇಷ್ಟ್ರು ಏನಂದ್ರು ಗೊತ್ತಾ? 'ನಿಮ್ಮಮ್ಮ ಆ ಮೌನದಲ್ಲಿ ಹೇಳಿದ್ದನ್ನ ನಾನು ಮಾತಲ್ಲಿ ಹೇಳೋಕಾಗ್ಲಿಲ್ಲ' ಅಂದ್ರು."

ಏನು ಹೇಳಲಿ? ಹೂಂ ಅಂದೆ.

ಮಾರ್ಚ್ ೧೨, ಬುಧವಾರ

ಡೈರೆಕ್ಟರ ಕೋಣೆ. ಅವರ ಪಕ್ಕದಲ್ಲಿ ಕೋಟು ಸಾಹೇಬರು, ಕೋಟಿನ ಸಮೇತ. ನನಗೆ ಟೀ ತರಿಸಿದರು. ಟೀ ಬಂದಾಗಲೇ ವಿಷಯ ದೊಡ್ಡದು ಎಂದು ಗೊತ್ತಾಯಿತು.

"ಅಮ್ಮಾ, ನೇರವಾಗಿ ಕೇಳ್ತೀನಿ" ಅಂದರು ಕೋಟು ಸಾಹೇಬರು. "ತಪ್ಪಿ ಆದದ್ದೋ, ಬೇಕಂತಲೋ?"

"ತಪ್ಪಿ ಆದದ್ದು ಸಾರ್." ನಿಜ. ಆದರೆ ಬಾಯಿಂದ ಹೊರಬಿದ್ದಾಗ ಸುಳ್ಳಿನ ಹಾಗೆ ಕೇಳಿಸಿತು.

"ನಂಬ್ತೀನಿ. ಜನ ನಂಬಬೇಕಲ್ಲ?" ಒಂದು ಹಾಳೆ ಮುಂದಿಟ್ಟರು. ನಾಲ್ಕು ಸಾಲು. ಭಾನುವಾರ ಅದೇ ಚರ್ಚೆಯ ಮರುಪ್ರಸಾರ. ಆರಂಭದಲ್ಲಿ ನಾನು ಓದಬೇಕು: ಕಳೆದ ವಾರ ತಾಂತ್ರಿಕ ದೋಷದಿಂದ ಅಡಚಣೆಯಾಯಿತು, ಈಗ ಪೂರ್ಣ ಚರ್ಚೆಯನ್ನು ಕೇಳಿ.

"ಪೂರ್ಣ ಅಂದ್ರೆ... ಆ ಮಾತು ಸೇರಿಸಿಯಾ ಸಾರ್?"

ಡೈರೆಕ್ಟರು ಕೆಮ್ಮಿದರು. "ಹೊಲಿಗೆ ಸರಿಯಾಗಿ ಹಾಕಿ ಅಂತ."

"ಇಲ್ಲಾಂದ್ರೆ?"

ಕೋಟು ಸಾಹೇಬರಿಗೆ ಸಿಟ್ಟು ಬರುವುದೇ ಇಲ್ಲ. "ಇಲ್ಲಾಂದ್ರೆ ಬೇಕಂತಲೇ ಮಾಡಿದ್ದು ಅಂತಾಯ್ತು. ನಿಮ್ಮ ಕೆಲಸ ಹೋಗುತ್ತೆ. ಆ ತಂಡಕ್ಕೆ ಹಾಲ್ ಕೊಡೋದನ್ನೂ ಯೋಚನೆ ಮಾಡಬೇಕಾಗುತ್ತೆ. ನಿಮ್ಮ ಮಗಳು ಅಲ್ಲೇ ಅಲ್ವಾ ಪಾರ್ಟ್ ಮಾಡೋದು? ನನಗೂ ಮಕ್ಕಳಿದಾರಮ್ಮ. ಸಂಸಾರದ ಮಾತು ಅಂತ ಹೇಳ್ತಿದೀನಿ."

ಟೀ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

ವಿಚಿತ್ರ ನೋಡು. ತಪ್ಪಾಯಿತು ಎಂಬ ನಿಜ ಹೇಳಿದರೆ ಅವರ ಸುಳ್ಳಿಗೆ ಸಾಕ್ಷಿಯಾಗುತ್ತೇನೆ. ಬೇಕಂತಲೇ ಮಾಡಿದೆ ಅಂದರೆ ಅದು ಸುಳ್ಳು, ಆದರೆ ಮಗಳು, ಮೇಷ್ಟ್ರು, ಬಸ್ ಸ್ಟಾಪಿನವರು, ಎಲ್ಲರ ಕಣ್ಣಲ್ಲೂ ದೊಡ್ಡವಳು. ಅಜ್ಜಿಯ ಯಾವ ಕಥೆಯಲ್ಲೂ ಹೀಗೆ ಸಿಕ್ಕಿಕೊಂಡವರಿಲ್ಲ. ಅಲ್ಲಿ ಕಳ್ಳನಿಗೆ ತಾನು ಕಳ್ಳ ಎಂದಾದರೂ ಗೊತ್ತಿರುತ್ತಿತ್ತು.

ಮಾರ್ಚ್ ೧೩

ಮಗಳಿಗೆ ಹೇಳಿಬಿಟ್ಟೆ.

ಕಿರೀಟಕ್ಕೆ ಬಣ್ಣದ ಕಾಗದ ಅಂಟಿಸುತ್ತ ಕೂತಿದ್ದಳು. ಫ್ಯಾನ್, ಮೌನ, ಚಿಕ್ಕ ಸ್ಪೀಕರ್, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಕತ್ತರಿ ಕೆಳಗಿಟ್ಟಳು.

"ಅಂದ್ರೆ... ಗೊತ್ತಾಗದ ಹಾಗೆ ಮುಚ್ಚೋಕೇ ಹೋಗಿದ್ದೆ."

"ಹೌದು."

"ಮೇಷ್ಟ್ರು ಎಲ್ಲರ ಮುಂದೆ ನಿನ್ನ ಹೊಗಳಿದ್ರು. ನಾನು ಎದ್ದು ನಿಂತು ಕೈ ಮುಗಿದೆ ಅಮ್ಮ. ಎಲ್ಲರೂ ಚಪ್ಪಾಳೆ ತಟ್ಟಿದ್ರು."

"ಗೊತ್ತು."

"ಗೊತ್ತಿಲ್ಲ ನಿಂಗೆ." ಎದ್ದು ಹೋದಳು. ಅಂಟು ಹಚ್ಚಿದ ಕಾಗದ ಮೇಜಿಗೇ ಅಂಟಿಕೊಂಡಿತು.

ಇವರು ಎಲ್ಲ ಕೇಳಿಸಿಕೊಂಡಿದ್ದರು. "ಯಾಕೆ ಹೇಳೋಕೆ ಹೋದೆ?" ಅಂದರು. ಬೈಗುಳವಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಮೇಜಿಗೆ ಅಂಟಿದ ಕಾಗದ ಕೆರೆಯುತ್ತ ಕೂತೆ.

ಮಾರ್ಚ್ ೧೫, ಶನಿವಾರ

ನಿನ್ನೆ ಬರೆಯಲಿಲ್ಲ. ಮನೆಯಲ್ಲಿ ಮಾತಿಲ್ಲ. ಮಗಳು ತಟ್ಟೆ ತೆಗೆದುಕೊಂಡು ಹೋಗಿ ಕೋಣೆಯಲ್ಲಿ ತಿನ್ನುತ್ತಾಳೆ.

ಇವತ್ತು ಹೊಲಿಗೆ ಹಾಕಿದೆ. ಹೆಡ್‌ಫೋನ್ ಹಾಕಿಕೊಂಡು, ಒಬ್ಬಳೇ. ಮೇಷ್ಟ್ರು ಉಸಿರೆಳೆದುಕೊಳ್ಳುವ ಮುಂಚೆ, ಮೇಡಂ ಪದ ಹುಡುಕುವ ಸಂದಿನಲ್ಲಿ, ಎಲ್ಲೆಲ್ಲಿ ಬರೀ ಫ್ಯಾನಿನ ಸದ್ದಿತ್ತೋ ಅಲ್ಲಿಂದ ತುಣುಕು ಆಯ್ದು ಪೋಣಿಸಿದೆ. ಹೂಂ ಕೂಡ ಅದೇ ಚರ್ಚೆಯ ಬೇರೆ ಕಡೆಯಿಂದ. ಸಂಜೆಯೊಳಗೆ ಮುಗಿಯಿತು.

ಮೊದಲಿಂದ ಹಾಕಿ ಕೇಳಿದೆ. ಹೊಲಿಗೆ ಎಲ್ಲಿ? ಸಿಗಲಿಲ್ಲ. ಇನ್ನೊಮ್ಮೆ ಹಾಕಿದೆ, ಕಣ್ಣು ಮುಚ್ಚಿ. ಹೊಲಿದವಳಿಗೇ ಸಿಗಲಿಲ್ಲ. ಆ ಮಾತು ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ ಎಲ್ಲ ನುಣ್ಣಗೆ ಮುಂದೆ ಹರಿಯುತ್ತದೆ.

ಆಮೇಲೆ ಇನ್ನೊಂದು ಗಮನಕ್ಕೆ ಬಂತು. ಕೋಟು ಸಾಹೇಬರು "ಬೇಲಿ ಬೇಕು, ಮಾಲಿ ಬೇಕು" ಅನ್ನುತ್ತಾರೆ. ಮೇಷ್ಟ್ರು ಸುಮ್ಮನೆ. ಉತ್ತರ ಹೊಳೆಯದೆ ಸೋತು ಕೂತವರ ಹಾಗೆ. ನಾನು "ಹೂಂ" ಅನ್ನುತ್ತೇನೆ, ಬೇಲಿಗೂ ಮಾಲಿಗೂ ಒಪ್ಪಿ ತಲೆದೂಗಿದ ಹಾಗೆ.

ಮುಂದೆ ಹೇಳು ಅನ್ನುವುದಕ್ಕೆ ಕಲಿತ ಹೂಂ ಅದು.

ಡೈರೆಕ್ಟರು ಬಂದು ಕೇಳಿದರು, ಈ ಸಲ ಹೆಡ್‌ಫೋನಿನಲ್ಲೇ. ಭುಜ ತಟ್ಟಿದರು. "ಎಲ್ಲಿ ಕತ್ತರಿಸಿದ್ರಿ ಹೇಳಿ ನೋಡೋಣ!"

"ಗೊತ್ತಾಗ್ತಿಲ್ಲ ಸಾರ್" ಅಂದೆ.

ತಮಾಷೆ ಅಂದುಕೊಂಡು ಜೋರಾಗಿ ನಕ್ಕರು.

ಮಾರ್ಚ್ ೧೬, ಭಾನುವಾರ, ಬೆಳಿಗ್ಗೆ

ಆ ಹಾಳೆ ಓದುವುದಿಲ್ಲ, ನಿಜ ಹೇಳುತ್ತೇನೆ ಎಂದು ಇವರಿಗೆ ಹೇಳಿದೆ. ಸ್ವಲ್ಪ ಹೊತ್ತು ವಾಚಿನ ಕಡೆ ನೋಡಿದರು, ಕೈಯಲ್ಲಿ ಯಾರದೋ ವಾಚಿತ್ತು. "ಕೆಲಸ ಹೋದ್ರೆ ಅಂಗಡಿಗೆ ಬಾ. ಗಿರಾಕಿ ಜೊತೆ ಮಾತಾಡೋಕೆ ಒಬ್ರು ಬೇಕಿತ್ತು." ಆಮೇಲೆ, ತಲೆ ಎತ್ತದೆ, "ಅವಳ ನಾಟಕ?"

ನನ್ನ ಕೆಲಸ ನಾನು ಕಳೆದುಕೊಳ್ಳಬಹುದು. ಅವಳ ಹಾಲ್ ಕಳೆಯುವ ಹಕ್ಕು ಯಾರು ಕೊಟ್ಟರು ನನಗೆ?

ಕೋಣೆಯ ಬಾಗಿಲು ತಟ್ಟಿ ಹೊರಗಿನಿಂದಲೇ ಕೇಳಿದೆ. ನಾನು ನಿಜ ಹೇಳಿದರೆ ನಿಮಗೆ ಹಾಲ್ ಸಿಗದೇ ಇರಬಹುದು, ಹೇಳಲೋ ಬೇಡವೋ? ಮಲಗಿದ್ದಾಳೆ ಎಂದುಕೊಂಡೆ. ಆಮೇಲೆ ಒಳಗಿಂದ, "ರಾಜ ಸಾಯ್ದೆ ಇರೋ ನಾಟಕಕ್ಕೆ ಹಾಲ್ ಯಾಕಮ್ಮ?"

ಬಾಗಿಲು ತೆರೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ.

ಅದೇ ದಿನ, ಮಧ್ಯಾಹ್ನ

ಆದದ್ದು ಆದ ಹಾಗೆ ಬರೆಯುತ್ತೇನೆ.

ಕೆಂಪು ದೀಪ ಹತ್ತಿತು. ಗಾಜಿನಾಚೆ ಡೈರೆಕ್ಟರು, ನನ್ನ ಮೈಕಿನ ಸ್ವಿಚ್ಚಿನ ಮುಂದೆ. ನಾಲ್ಕು ಸಾಲಿನ ಹಾಳೆ ನನ್ನ ಮುಂದೆ. ನಮಸ್ಕಾರ ಅಂದೆ. ಆಮೇಲೆ ಹಾಳೆ ಮಗುಚಿದೆ.

"ಕಳೆದ ವಾರ ಈ ಚರ್ಚೆಯ ನಡುವೆ ನಿಮಗೊಂದು ಹಳ್ಳ ಕೇಳಿಸಿತು. ತಾಂತ್ರಿಕ ದೋಷ ಅಂತ ಓದಲು ಹೇಳಿದ್ದಾರೆ. ಯಂತ್ರದ ತಪ್ಪು ಏನಿಲ್ಲ. ಅಲ್ಲೊಂದು ಮಾತಿತ್ತು, ನಾನು ತೆಗೆದೆ. ತೆಗೆದದ್ದು ನಿಮಗೆ ಗೊತ್ತಾಗದ ಹಾಗೆ ಮುಚ್ಚಲು ಹೋದೆ, ಮುಚ್ಚಲು ಬರಲಿಲ್ಲ. ಧೈರ್ಯದಿಂದ ಮಾಡಿದ್ದಲ್ಲ, ದಯವಿಟ್ಟು ಹಾಗೆ ಹೊಗಳಬೇಡಿ. ಆ ಮಾತು ಇದು."

ಡೈರೆಕ್ಟರ ಕೈ ಸ್ವಿಚ್ಚಿನ ಮೇಲೆ ಬಂತು. ನೋಡುತ್ತಲೇ ಇದ್ದೆ. ಬೆರಳು ಅಲ್ಲೇ ನಿಂತಿತು. ಅವರ ಮುಖದಲ್ಲಿ ಲೆಕ್ಕ ಓಡುವುದು ಕಾಣುತ್ತಿತ್ತು. ಒತ್ತಿದರೆ ನನ್ನ ಮಾತಿನ ನಡುವೆ ಮತ್ತೊಂದು ಹಳ್ಳ, ನೇರ ಪ್ರಸಾರದಲ್ಲಿ. ಅದಕ್ಕೆ ತೇಪೆ ಹಾಕಲು ಯಾರಿದ್ದಾರೆ? ಹಾಕುವವಳು ಮೈಕಿನ ಮುಂದೆ ಕೂತಿದ್ದಾಳೆ.

ಮೇಷ್ಟ್ರ ಮಾತನ್ನು ಪೂರ್ತಿ ಹೇಳಿದೆ. ರಾಜ ಸಾಯದೆ ಇದ್ದರೆ ಪ್ರಜೆಗಳೇ ಸಾಯಬೇಕಾಗುತ್ತೆ ಎನ್ನುವವರೆಗೂ. ಅವರ ಹಾಗೆ ಹೇಳಲು ಬರಲಿಲ್ಲ.

"ಈಗ ಕೇಳುವ ಚರ್ಚೆಯಲ್ಲಿ ಆ ಮಾತಿಲ್ಲ. ಎಲ್ಲಿ ಇರಬೇಕಿತ್ತು ಅಂತ ನೀವೇ ಹುಡುಕಿಕೊಳ್ಳಿ. ಆ ಜಾಗದಲ್ಲಿ ನಾನು ಹೂಂ ಅಂತೀನಿ, ಅದನ್ನ ಒಪ್ಪಿಗೆ ಅಂತ ತಿಳೀಬೇಡಿ."

ಕೆಂಪು ದೀಪ ಆರಿತು. ಡೈರೆಕ್ಟರು ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕುಸಿದರು. ಬೈಯುತ್ತಾರೆ ಎಂದು ಕಾದೆ. "ನನ್ನ ಬಗ್ಗೆ ಒಂದ್ಸಲನಾದ್ರೂ ಯೋಚನೆ ಮಾಡಿದ್ರೇನ್ರೀ?" ಅಂದರು. ಇಲ್ಲ. ಮಾಡಿರಲಿಲ್ಲ. ಅದಕ್ಕೆ ನಾಚಿಕೆಯಾಯಿತು, ಉಳಿದ ಯಾವುದಕ್ಕೂ ಆಗಲಿಲ್ಲ.

ಗೇಟಿನಲ್ಲಿ ಗುರುತಿನ ಚೀಟಿ ತೆಗೆದುಕೊಂಡರು. ಮುಂದಿನ ಆದೇಶದವರೆಗೆ ಬರಬೇಡಿ ಅಂದರು. ಮುಂದಿನ ಆದೇಶ ಎಂಥದೋ, ಎಂದೋ.

ಮಾರ್ಚ್ ೧೭, ಸೋಮವಾರ

ಹಾಲ್ ರದ್ದಾಯಿತು. ಬೆಳಿಗ್ಗೆಯೇ ಕಾಗದ ಬಂತಂತೆ. ಮೇಷ್ಟ್ರು ಫೋನ್ ಮಾಡಿದ್ದರು. ಹಾಲ್ ಹೋದದ್ದಕ್ಕಲ್ಲ, ನನ್ನನ್ನು ಬೈಯುವುದಕ್ಕೆ. "ಸಾಯಬೇಕಾಗುತ್ತೆ ಅನ್ನೋ ಕಡೆ ನೀನು ಅಳುಮುಂಜಿ ದನಿ ತಂದೆಯಲ್ಲ! ಅದು ನಗು ಬರಿಸೋ ಮಾತಮ್ಮಾ. ನಗ್ತಾ ಹೇಳಬೇಕು." ಎಲ್ಲಿ ಆಡುತ್ತೀರಿ ಮೇಷ್ಟ್ರೇ ಅಂದೆ. ಜಾಗ ನೋಡುತ್ತಿದ್ದೇನೆ ಅಂದರು. ಸಿಗುತ್ತದೆ ಅನ್ನಲಿಲ್ಲ. ಉಬ್ಬಸ ಜೋರಾಗಿ ಫೋನಿಟ್ಟರು.

ಸಂಜೆ ಮಗಳು ಕೋಣೆಯಿಂದ ಹೊರಗೆ ಬಂದಳು. ನನ್ನ ಪಕ್ಕದಲ್ಲಿ ಕೂತು, ನನ್ನ ಲೋಟದಿಂದಲೇ ಒಂದು ಗುಟುಕು ಟೀ ಕುಡಿದಳು.

"ನಿನ್ನೇದು ತಪ್ಪಿ ಆದದ್ದೋ, ಬೇಕಂತಲೋ?"

"ಬೇಕಂತಲೇ."

ಲೋಟ ಕೆಳಗಿಟ್ಟಳು. ಆಮೇಲೆ ಎದ್ದು ಕುರ್ಚಿ ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿ, ನಡುಮನೆಯನ್ನು ಖಾಲಿ ಮಾಡತೊಡಗಿದಳು. ಏನೇ ಇದು ಅಂದೆ. ಎಷ್ಟು ಜನ ಹಿಡೀತಾರೆ ಅಂತ ನೋಡ್ತಿದೀನಿ ಅಂದಳು. ಇವರನ್ನು ಬಾಗಿಲ ಬಳಿ ಕೂರಿಸಿದ್ದಾಳೆ, ಪ್ರೇಕ್ಷಕರು. ನಾನು ಕೂತ ಕುರ್ಚಿಯೊಂದು ಬಾಕಿ. ಏಳಮ್ಮ, ರಾಜ ಬೀಳೋದು ಅಲ್ಲೇ ಅನ್ನುತ್ತಿದ್ದಾಳೆ, ಇರೇ, ಈ ಸಾಲು ಮುಗಿಸಿ